ಸೊಸೆ ಬರೆದ ನಾಲ್ಕನೇ ದಾರಿ

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ ಅತ್ತೆಯ ಆಶೀರ್ವಾದ.

ಕೆಮ್ಮು ನಿಂತಿತೇನೇ? ಹಾಸ್ಟೆಲಿನ ನೀರು ಒಗ್ಗಿತೇ? ತರಬೇತಿಯಲ್ಲಿ ಮುಂದಿನ ಬೆಂಚಲ್ಲೇ ಕೂತುಕೋ, ಹಿಂದೆ ಕೂತರೆ ನಿನಗೆ ತೂಕಡಿಕೆ ಬರುತ್ತೆ. ಇಲ್ಲಿ ಎಲ್ಲರೂ ಆರೋಗ್ಯ. ನಿನ್ನ ಗಂಡನ ಕಾಲುಚೀಲಗಳು ಮಾತ್ರ ಒಂದೊಂದೇ ಉಳಿದಿವೆ, ಜೊತೆಯವು ಎಲ್ಲಿ ಸಂಸಾರ ಹೂಡಿವೆಯೋ ಗೊತ್ತಿಲ್ಲ.

ಈಗ ಸುದ್ದಿ. ನಡಿಗೆ ಸಂಘದ ಕೈಪಿಡಿಗೆ ಅಂತ ಹೊರಡೋ ಮುಂಚೆ ನಾಲ್ಕನೇ ದಾರಿ ಬರೆದಿಟ್ಟಿದ್ದೆಯಲ್ಲ, ಕೆರೆ ಏರಿಯಿಂದ ಗುಡ್ಡದ ನೀರಿನ ಟ್ಯಾಂಕಿನವರೆಗೆ, ಅಚ್ಚಿಗೆ ಹೋಗೋ ಮುಂಚೆ ಅದನ್ನ ನಡೆದು ನೋಡೋ ಸರದಿ ಭಾನುವಾರ ನಮ್ಮದಾಯ್ತು. ನಾನು, ನಿನ್ನ ಮಕ್ಕಳಿಬ್ಬರು, ಪಕ್ಕದ ಬೀದಿಯ ಮೂರು ಮಕ್ಕಳು, ಜೊತೆಗೆ ನಿವೃತ್ತ ಬಸ್ ಕಂಡಕ್ಟರು. ಸಂಘದ ಕಾರ್ಯದರ್ಶಿ ಹೇಳಿದ್ದು ಒಂದೇ ನಿಯಮ: ದಾರಿ ಗೊತ್ತಿದ್ದರೂ ಗೊತ್ತಿಲ್ಲ ಅಂದುಕೊಳ್ಳಿ, ಹಾಳೆಯಲ್ಲಿ ಇದ್ದ ಹಾಗೇ ನಡೀರಿ. ಅರವತ್ತು ವರ್ಷ ಆ ಗುಡ್ಡ ಹತ್ತಿ ಇಳಿದವಳಿಗೆ ಈ ಉಪದೇಶ! ನಿನ್ನದೋ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ. ಮಕ್ಕಳು ತಡವರಿಸಬಾರದು ಅಂತ ಹಿಂದಿನ ದಿನವೇ ನಾನು ಗುಂಡಗೆ ನಕಲು ಮಾಡಿಕೊಟ್ಟಿದ್ದೆ. ಓದೋ ಅಧಿಕಾರ ಮಾತ್ರ ನಿನ್ನ ಮಗಳು ವಕೀಲಮ್ಮನದು.

ಕಂಡಕ್ಟರು ಹಿಂದಿನಿಂದ ಹಳೇ ಅಭ್ಯಾಸಕ್ಕೆ "ರೈಟ್, ರೈಟ್" ಅಂತ ಕೂಗೋರು. ಕೂಗಿದಾಗಲೆಲ್ಲ ಮಕ್ಕಳು ಬಲಕ್ಕೆ ತಿರುಗಿ ಬೇಲಿಗೆ ನುಗ್ಗೋರು. ಹೇಗೋ ಕಲ್ಲಿನ ಗೋಡೆ ಮುಗಿಯೋ ಜಾಗಕ್ಕೆ ಬಂದ್ವಿ. ನಾನು ಬಲಕ್ಕೆ ಹೊರಟೆ. "ಅಜ್ಜೀ, ಎಡಕ್ಕೆ ಅಂತ ಬರೆದಿದೆ" ಅಂದಳು ವಕೀಲಮ್ಮ. "ಟ್ಯಾಂಕು ಬಲಕ್ಕೆ ಕಾಣ್ತಿದೆಯಲ್ಲೇ!" ಅಂದೆ. "ಕಂಡರೂ ಕಾಣಬಾರದು" ಅಂದಳು. ನಿಯಮ ನಿಯಮವೇ. ಎಡಕ್ಕೆ ಹೋದ್ವಿ. ಮೊಣಕಾಲುದ್ದ ಕೆಸರು, ಅದರಲ್ಲಿ ಚಿಕ್ಕವನ ಒಂದು ಬೂಟು ಸಮಾಧಿ. ಆಮೇಲೆ ಒಗೆದ ಬಟ್ಟೆಯ ಹಗ್ಗದಡಿ ಬಗ್ಗಿ, ಕೋಳಿಗಳನ್ನ ಚೆಲ್ಲಾಪಿಲ್ಲಿ ಮಾಡಿ, ಯಾರದೋ ಹಿತ್ತಿಲಿಗೆ ಇಳಿದ್ವಿ. ಹಸು ಕರೀತಿದ್ದ ಮನೆಯಾಕೆ ನಮ್ಮನ್ನ ಮೇಲಿಂದ ಕೆಳಗೆ ನೋಡಿ, "ಯಾರು ಹೇಳಿದ್ರಮ್ಮ ಈ ದಾರಿ?" ಅಂದಳು. ಸೊಸೆ ಅಂದೆ. ತಂಬಿಗೆ ಕೆಳಗಿಟ್ಟು ನಕ್ಕಳು ನೋಡು: "ಸೊಸೆ ಹೇಳಿದ ದಾರೀಲಿ ನಡೆದ ಅತ್ತೇನ ಇವತ್ತೇ ಕಣ್ಣಾರೆ ಕಂಡಿದ್ದು!"

ಆ ಉರಿಯಲ್ಲೇ ಸಂಘದ ಕೋಣೆಗೆ ಬಂದು ಎಲ್ಲರೆದುರು ಅಂದುಬಿಟ್ಟೆ, ನಮ್ಮ ಸೊಸೆಗೆ ಎಡ ಯಾವುದು ಬಲ ಯಾವುದು ತಿಳಿಯೋಲ್ಲ ಅಂತ. ಕಾರ್ಯದರ್ಶಿ ನಾಲ್ಕನೇ ದಾರಿಗೆ ಕೆಂಪು ಗೀಟು ಎಳೆದರು. ಮನೆಗೆ ಬಂದ ಮೇಲೆ ವಕೀಲಮ್ಮ ನಿನ್ನ ಮೂಲ ಹಾಳೆ ಹುಡುಕಿ ತಂದು ನನ್ನ ಮುಂದೆ ಹಿಡಿದಳು. ಬಲಕ್ಕೆ. ಸ್ಪಷ್ಟವಾಗಿ, ಅಡಿಗೆರೆ ಸಮೇತ. ನೀನು ಬರೆದದ್ದು ಗುಡ್ಡ ಹತ್ತೋರಿಗೆ. ನಾನು ಮೇಜಿನ ಮುಂದೆ ಕೂತು ಗುಡ್ಡ ಇಳಿಯೋ ಹಾಗೆ ನೆನೆಸಿಕೊಂಡು, "ಪಾಪ, ತಪ್ಪಿದ್ದಾಳೆ" ಅಂತ ತಿದ್ದಿದ್ದೆ, ತಿದ್ದಿದ್ದನ್ನ ಮರೆತೂ ಬಿಟ್ಟಿದ್ದೆ! ಮಗು ಹಾಳೆ ಮಡಚಿ ನನ್ನ ಕೈಗಿಟ್ಟು ಆಡೋಕೆ ಹೋಯ್ತು. ಬೈದಿದ್ದರೆ ಚೆನ್ನಾಗಿರ್ತಿತ್ತು.

ನಿನ್ನೆ ಬೆಳಿಗ್ಗೆ ಸಂಘಕ್ಕೆ ಹೋಗಿ, ಅದೇ ಜನರೆದುರು ತಪ್ಪು ನನ್ನದು, ಸೊಸೆಯದಲ್ಲ ಅಂದೆ. ಸಂಜೆ ಮಕ್ಕಳು ಶಾಲೆಯಿಂದ ಬಂದ ಮೇಲೆ ನಿನ್ನ ಹಾಳೆ ಹಿಡಿದೇ ಮತ್ತೆ ನಡೆದ್ವಿ. ಒಂದು ಗಂಟೆ ಹತ್ತು ನಿಮಿಷ, ಎಲ್ಲೂ ಎಡವಲಿಲ್ಲ. ಕೆಂಪು ಗೀಟು ಅಳಿಸಿದ್ದಾರೆ. ನಾಲ್ಕನೇ ದಾರಿ ನಿನ್ನ ಹೆಸರಲ್ಲೇ ಅಚ್ಚಾಗುತ್ತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ನೂರು ಕಾಲ ಚೆನ್ನಾಗಿರು.

ನಿನ್ನ ಅತ್ತೆ

ತಾ.ಕ.: ಅಂಚೆ ಡಬ್ಬ ತೆಗೆಯೋ ಹೊತ್ತಾಯ್ತು, ಬೇಗ ಬರೀತೀನಿ. ಇನ್ನೂ ಆರು ತಿಂಗಳು ಅಲ್ಲೇ ಇದ್ದು ಕಲಿ ಅಂತ ನಿನ್ನ ಕರೆದಿದ್ದಾರಂತೆ, ಶುಕ್ರವಾರದೊಳಗೆ ಉತ್ತರ ಕೊಡಬೇಕಂತೆ. ಅಮ್ಮ ಏನಂತಾಳೋ ಅಂತ ನಿನ್ನ ಗಂಡ ಬಾಯಿ ಹೊಲಿದುಕೊಂಡಿದ್ದ, ಇವತ್ತು ತಿಂಡಿ ಹೊತ್ತಿಗೆ ಬಿಡಿಸಿದೆ. ಅಮ್ಮ ಏನೂ ಅನ್ನೋಲ್ಲ. ಮಕ್ಕಳಿಗೂ ಹೇಳಿ ಆಯ್ತು. ಚಿಕ್ಕವನು ಹತ್ತು ನಿಮಿಷ ಅತ್ತ, ಆಮೇಲೆ ಅಲ್ಲೀವರೆಗೂ ಅಮ್ಮನ ದಿಂಬು ನಂಗೇ ಅಂದ. ಕೊಟ್ಟಿದ್ದೀನಿ. ಹೂಂ ಅಂತ ಬರೆದುಕೊಡು ಕಣೇ.