ಹೈಸ್ಕೂಲಿನ ಬಾಲದಿಂದ

ಬೇಕರ್ಸ್‌ಫೀಲ್ಡ್, ಮೇ 9

ಮರಿಸೇಲಾ,

ಆಗಸ್ಟಿನಿಂದ ನಿನ್ನ ಯೂನಿವರ್ಸಿಟಿಗೆ ನಾನೂ ಬರುತ್ತಿದ್ದೇನೆ. ನಿನ್ನನ್ನು ನೋಡುವುದಕ್ಕಲ್ಲ, ಓದುವುದಕ್ಕೆ. ಸ್ಕೂಲ್ ಬಸ್ ಓಡಿಸುತ್ತಲೇ ಆರು ವರ್ಷ ಇಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಕೂಡಿಸಿದ, ಪದವಿಯ ಮೊದಲೆರಡು ವರ್ಷಕ್ಕೆ ಸಮನಾದ ಕ್ರೆಡಿಟ್‌ಗಳನ್ನು ಅವರು ಒಂದೂ ಬಿಡದೆ ಒಪ್ಪಿಕೊಂಡಿದ್ದಾರೆ. ಹಾಗಾಗಿ ನೇರ ಮೂರನೆಯ ವರ್ಷಕ್ಕೆ ಸೇರುತ್ತೇನೆ. ನೀನಿನ್ನೂ ಎರಡನೆಯದರಲ್ಲಿರುತ್ತೀಯ.

"ಅದೂ ಒಂದು ಕಾಲೇಜೇನಮ್ಮಾ? ಹೈಸ್ಕೂಲಿಗೆ ಅಂಟಿಸಿದ ಬಾಲ" ಅಂದಿದ್ದೆ ನೀನು. ಆಗ ನಾನು ಬೀನ್ಸ್ ಕಾಳು ಆರಿಸುತ್ತಿದ್ದೆ, ಆರಿಸುತ್ತಲೇ ಇದ್ದೆ. ಆ ಬಾಲದಲ್ಲೇ ನನಗೆ ಸಂಖ್ಯಾಶಾಸ್ತ್ರದಲ್ಲಿ ಎ ಗ್ರೇಡ್ ಬಂತು. ನೀನು ಅದೇ ವಿಷಯದಲ್ಲಿ ಫೇಲಾದದ್ದನ್ನು ಅಜ್ಜಿಗೆ ಮಾತ್ರ ಹೇಳಿದ್ದೆಯಂತೆ. ಅಜ್ಜಿಯ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಗೊತ್ತಲ್ಲ.

ಹೆದರಬೇಡ, ನಿನ್ನ ಹಾಸ್ಟೆಲ್ ಕಡೆ ತಲೆ ಹಾಕುವುದಿಲ್ಲ. ಗೆಳತಿಯರ ಜೊತೆ ಎದುರಾದರೆ ಯಾರೋ ಎಂಬಂತೆ ಹೋಗುತ್ತೇನೆ. ಆದರೆ ಪ್ರತಿ ಗುರುವಾರ ಮಧ್ಯಾಹ್ನ ಲೈಬ್ರರಿ ಮೆಟ್ಟಿಲ ಮೇಲೆ ನನ್ನ ಹಳೆಯ ನೋಟ್ಸನ್ನೂ ನಿನಗಿಷ್ಟವಾದ, ಮೆಕ್ಕೆಜೋಳದ ಹಿಟ್ಟಿನಲ್ಲಿ ಹಂದಿಮಾಂಸ ತುಂಬಿ ಬೇಯಿಸಿದ ತಮಾಲೆಗಳನ್ನೂ ಇಟ್ಟುಕೊಂಡು ಕೂತಿರುತ್ತೇನೆ. ನಾಚಿಕೆಯಾದರೆ ದೂರದಿಂದಲೇ ಹೋಗು. ಹಸಿವಾದರೆ ಗುರುತು ಹಿಡಿ.

ಬರುವಾಗ ಕ್ಯಾಲ್ಕುಲೇಟರ್ ತಾ. ಅದು ನನ್ನದು.

ನಿನ್ನ ಸೀನಿಯರ್,
ಅಮ್ಮ