ಹಸಿರು ಬಟ್ಟೆಯ ಡಬ್ಬಿ

ಚಾಮರಾಜನಗರ
೧೨-೧೧-೧೯೯೭, ಬುಧವಾರ
ಬೆಳಗಿನ ಆರು ಗಂಟೆ

ಶಾಂತಿಯ ಅಪ್ಪನಿಗೆ,

ಇಷ್ಟು ವರ್ಷ ಪ್ರತಿ ಕಾಗದದ ತಲೆಯಲ್ಲೂ ‘ಪೂಜ್ಯ’ ಎಂದು ಬರೆಯುತ್ತಿದ್ದೆ. ಇವತ್ತು ಆ ಪದಕ್ಕೆ ಕೈ ಏಳಲಿಲ್ಲ. ನಾನು ಕ್ಷೇಮ. ನೀವು ಕ್ಷೇಮವಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ಕಾಗದ ಡಬ್ಬಿಯ ಮೇಲಿನ ಪಾತ್ರೆಯಲ್ಲಿ, ಬಾಳೆಲೆಯ ಚೂರಿನ ಅಡಿಯಲ್ಲಿದೆ. ನೀವಿದನ್ನು ಓದುತ್ತಿದ್ದೀರೆಂದರೆ, ನಾಲ್ಕು ತಿಂಗಳಲ್ಲಿ ಮೊದಲ ಸಲ ನಾನು ಕಳಿಸಿದ ಡಬ್ಬಿಯನ್ನು ನೀವೇ ತೆರೆದಿರಿ ಎಂದಾಯಿತು. ಗಾಬರಿ ಬೇಡ. ನನಗೆ ಹೇಗೆ ಗೊತ್ತಾಯಿತೆಂದು ಹೇಳುತ್ತೇನೆ. ವಾರವೆಲ್ಲ ಗುಂಡ್ಲುಪೇಟೆಯಲ್ಲಿದ್ದು ಭಾನುವಾರ ನೀವು ಮನೆಗೆ ಬರುವವರೆಗೆ ಕಾದು, ಎದುರು ಕೂತು ಹೇಳಬಹುದಿತ್ತು. ಆದರೆ ಎದುರಿಗಿದ್ದರೆ ನೀವು ಪೇಪರ್ ಎತ್ತಿಕೊಳ್ಳುತ್ತೀರಿ.

ಜುಲೈ ತಿಂಗಳಲ್ಲಿ ಡಾಕ್ಟರು ಹೇಳಿದ್ದನ್ನು ನೆನಪು ಮಾಡಿಕೊಳ್ಳಿ. ಅನ್ನ ಬಿಡಿ, ಮುದ್ದೆ ಬಿಡಿ, ಕಾಳು ಸೊಪ್ಪು ಮೊಟ್ಟೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಿ ಎಂದರು. ರಾಗಿ ಸಕ್ಕರೆ ಕಾಯಿಲೆಗೆ ಒಳ್ಳೇದಲ್ವಾ ಸಾರ್ ಎಂದು ನೀವು ಆಸೆಯಿಂದ ಕೇಳಿದಿರಿ. ಒಂದು ಹಿಡಿ ತಿನ್ನೋರಿಗೆ ಒಳ್ಳೇದು, ನೀವೆಷ್ಟು ತಿಂತೀರಿ ಎಂದು ಅವರು ಕೇಳಿದರು. ನೀವು ಗೋಡೆಯ ಕ್ಯಾಲೆಂಡರ್ ನೋಡಿದಿರಿ. ಆಗಲೇ ನಿಮ್ಮ ಎಡಗಾಲಿನ ಹೆಬ್ಬೆರಳ ಗಾಯ ಎರಡು ತಿಂಗಳಿಂದ ಮಾಯದೆ ಉಳಿದಿತ್ತು. ನಿಮ್ಮ ತಂದೆ ಪುಟ್ಟಮಾದಯ್ಯನವರಿಗೂ ಬೆರಳಿನಿಂದಲೇ ಶುರುವಾದದ್ದು. ಆಮೇಲೆ ಪಾದ, ಆಮೇಲೆ ಮಂಡಿಯವರೆಗೆ. ಅವರು ಮಂಚ ಹಿಡಿದ ಹದಿನಾಲ್ಕು ತಿಂಗಳು ಅವರ ಬಟ್ಟೆ ಒಗೆದವಳು ನಾನು. ನಾನು ಮರೆತಿಲ್ಲ.

ಸರ್ವೆಯರ್ ಕೆಲಸ ಕಾಲಿನ ಕೆಲಸ. ಇವತ್ತು ಹಂಗಳ, ನಾಳೆ ಬಂಡೀಪುರದ ಅಂಚಿನ ಹೊಲ ಎಂದು ಅಳತೆಯ ಸರಪಳಿ ಹಿಡಿದು ತಿರುಗುವವರಿಗೆ ಎಲೆ ಹಾಸಿ ಊಟ ಮಾಡುವ ಪುರುಸೊತ್ತಿಲ್ಲವೆಂದು ನಾನೇ ಯೋಚಿಸಿದೆ. ಲೈಬ್ರರಿಯಲ್ಲಿ ಸಕ್ಕರೆ ಕಾಯಿಲೆಯ ಮೇಲಿದ್ದ ಎರಡೂ ಪುಸ್ತಕ ಓದಿ ಟಿಪ್ಪಣಿ ಮಾಡಿಕೊಂಡೆ. ಬದುವಿನ ಮೇಲೆ ನಿಂತು ಒಂದೇ ಕೈಯಲ್ಲಿ ತಿನ್ನುವಂತಿರಬೇಕು, ಸೋರಬಾರದು, ಮಧ್ಯಾಹ್ನದವರೆಗೆ ಹಳಸಬಾರದು. ಹೆಸರುಕಾಳಿನ ತೆಳ್ಳನೆ ದೋಸೆಯೊಳಗೆ ಸೊಪ್ಪಿನ ಪಲ್ಯ ಇಟ್ಟು ಸುರುಳಿ ಸುತ್ತಿದೆ. ನುಗ್ಗೆಸೊಪ್ಪು ಬೆರೆಸಿ ಮೊಟ್ಟೆ ಹುರಿದು ಹೋಳು ಮಾಡಿದೆ. ಹುರುಳಿ ಉಸಲಿ ಮಾಡಿದ ದಿನ ಜೊತೆಗೆ ಸೌತೆಕಾಯಿ. ಜೇಬಿಗೆ ಹಾಕಿಕೊಳ್ಳಲು ಹುರಿದ ಕಡಲೆಬೀಜದ ಪೊಟ್ಟಣ. ಇಷ್ಟನ್ನೂ ನನ್ನ ಹಳೆಯ ಹಸಿರು ಸೀರೆಯ ತುಂಡಿನಲ್ಲಿ ಕಟ್ಟಿ, ಗುಂಡ್ಲುಪೇಟೆಯ ಬಸ್ಸಿನ ಕಂಡಕ್ಟರ್ ದೊರೆಸ್ವಾಮಿಯ ಕೈಗೆ ಕೊಟ್ಟು, ಆಮೇಲೆ ಲೈಬ್ರರಿಯ ಬಾಗಿಲು ತೆಗೆಯುತ್ತಿದ್ದೆ. ಸಂಜೆ ಬಸ್ಸಿಗೆ ತೊಳೆದ ಡಬ್ಬಿ ಬರುತ್ತಿತ್ತು. ಬಸ್ ನಿಲ್ದಾಣದ ನಲ್ಲಿಯಲ್ಲಿ ನೀವೇ ತೊಳೆಯುತ್ತೀರೆಂದು ನಂಬಿ ಮರುಗಿದ್ದೂ ಉಂಟು.

ಅಕ್ಟೋಬರಿನಲ್ಲಿ ಮತ್ತೆ ರಕ್ತ ಕೊಟ್ಟಾಗ ಸಕ್ಕರೆ ಇಳಿಯುವ ಬದಲು ಏರಿತ್ತು. ಡಾಕ್ಟರು ನಿಮ್ಮನ್ನು ಬಿಟ್ಟು ನನ್ನ ಕಡೆ ತಿರುಗಿ, ‘ಏನಮ್ಮಾ, ಮನೇಲಿ ದಿನಾ ಒಬ್ಬಟ್ಟಾ?’ ಎಂದರು. ಪುಸ್ತಕದ ಹಾಳೆ ಹರಿದುಕೊಂಡು ಹೋಗುವವರನ್ನು ನಾನು ಹೇಗೆ ನೋಡುತ್ತೇನೋ ಹಾಗೆ ನನ್ನನ್ನು ನೋಡಿದರು. ನೀವು ಪಕ್ಕದಲ್ಲೇ ಇದ್ದಿರಿ. ಮಾತ್ರೆಯ ಚೀಟಿ ಮಡಿಸಿ ಜೇಬಿಗಿಟ್ಟಿರಿ.

ಅದರ ಮಾರನೆಯ ದಿನ ಸಂಜೆ ಡಬ್ಬಿಯೊಳಗೆ ಒಂದು ಮೊಳ ಕನಕಾಂಬರ ಬಂತು. ನೋಡಿದ ಕೂಡಲೇ ಅದನ್ನು ತಿಪ್ಪೆಗೆ ಎಸೆದೆ. ಮಾರನೆಯ ದಿನ ಡಬ್ಬಿ ಯಾರು ಕೊಟ್ಟರಪ್ಪ ಎಂದು ದೊರೆಸ್ವಾಮಿಯನ್ನು ಕೇಳಿದೆ.

‘ಇನ್ಯಾರಕ್ಕಾ, ಮೆಸ್ ಈರಮ್ಮ. ದಿನಾ ಅವ್ರೇ ತೊಳ್ದು ಕೊಡಾದು. ನಿಮ್ಮೋರ್ನ ಚೆನ್ನಾಗ್ ನೋಡ್ಕತಾರೆ ಬುಡಿ.’

ಆ ‘ಬುಡಿ’ ನನ್ನ ಕಿವಿಯಿಂದ ಇಳಿಯಲೇ ಇಲ್ಲ. ಆಮೇಲೆ ಒಂದು ದಿನ ಡಬ್ಬಿಯಲ್ಲಿ ನಿಂಬೆಹಣ್ಣು, ಇನ್ನೊಂದು ದಿನ ಮತ್ತೆ ಹೂ. ಈರಮ್ಮ ಎಂಬವಳನ್ನು ನಾನು ಕಂಡವಳಲ್ಲ. ಆದರೂ ಅವಳಿಗೆ ಉದ್ದ ಜಡೆ, ಮೂವತ್ತೈದರ ವಯಸ್ಸು, ನಕ್ಕರೆ ಕಾಣುವ ಒಳ್ಳೆಯ ಹಲ್ಲು ಎಲ್ಲವನ್ನೂ ನಾನೇ ಕೊಟ್ಟುಬಿಟ್ಟೆ. ೧೯೭೯ರ ಯುಗಾದಿಯ ಮಾರನೆ ದಿನ ನಿಮ್ಮ ಅತ್ತಿಗೆ ಮೂಗಮ್ಮನವರ ಬಸ್ಸಾರನ್ನು ನೀವು ಹೊಗಳಿದ ಮಾತನ್ನು ಇವತ್ತಿಗೂ ಅಕ್ಷರ ತಪ್ಪದೆ ಹೇಳಬಲ್ಲೆ. ನನ್ನ ಅಡುಗೆಗೆ ಇಪ್ಪತ್ತೊಂದು ವರ್ಷದಲ್ಲಿ ನಿಮ್ಮಿಂದ ಸಿಕ್ಕಿದ್ದು ಎರಡೇ ಮಾತು. ಉಪ್ಪು ಜಾಸ್ತಿ. ಉಪ್ಪು ಕಮ್ಮಿ.

ಸೋಮವಾರ ಲೈಬ್ರರಿಗೆ ರಜೆ, ಶಾಂತಿಯ ಮನೆಗೆ ಹೋಗುತ್ತೇನೆ ಎಂದು ನಿಮಗೆ ಹೇಳಿದ್ದು ಸುಳ್ಳು. ಗುಂಡ್ಲುಪೇಟೆಗೆ ಬಂದಿದ್ದೆ. ಊರಿನ ತಪ್ಪುಗಳನ್ನು ಪೇಪರಿನ ಓದುಗರ ಕಾಲಂಗೆ ಹೆಸರು ಹಾಕಿ ಬರೆಯುವ ನಾನು, ನನ್ನ ಮನೆಯ ತಪ್ಪು ಹುಡುಕಲು ತಲೆ ತುಂಬ ಸೆರಗು ಹೊದ್ದು ಬಂದೆ. ಬಸ್ ನಿಲ್ದಾಣದ ಹಿಂದಿನ ಆ ಮೆಸ್ಸಿನಲ್ಲಿ, ನೀರಿನ ಡ್ರಮ್ಮಿನ ಪಕ್ಕದ ಮೂಲೆಯಲ್ಲಿ ಕೂತೆ. ಅರವತ್ತರ ಹತ್ತಿರದ ಹೆಂಗಸು, ಕಾಲು ಎಳೆದುಕೊಂಡು ನಡೆಯುತ್ತಾ, ಕೇರಳದ ಲಾರಿಯವರಿಗೆ ಅನ್ನ ಬಡಿಸುತ್ತಾ ನನ್ನನ್ನು ಕೇಳಿತು, ‘ಮುದ್ದೆ ಒಂದಾ ಎಲ್ಡಾ, ಅವ್ವಾ?’ ಈರಮ್ಮ ಎಲ್ಲಿ ಎಂದೆ. ‘ಇನ್ನೆಲ್ಲಿ, ನಿಮ್ ಮುಂದೆ ನಿಂತಿಲ್ವಾ?’ ಎಂದಿತು. ಅರ್ಧ ಹೊಟ್ಟೆಕಿಚ್ಚು ಅಲ್ಲೇ ಇಳಿಯಬೇಕಿತ್ತು. ಇಳಿಯಲಿಲ್ಲ.

ಒಂದು ಗಂಟೆಗೆ ನೀವು ಬಂದಿರಿ. ಎಡಗಾಲು ಕುಂಟುತ್ತಿತ್ತು. ಮನೆಯಲ್ಲಿ ಕುಂಟದ ಹಾಗೆ ನಡೆಯುತ್ತೀರಿ ಎಂಬುದು ಆಗ ಗೊತ್ತಾಯಿತು. ಕೇಳದೆಯೇ ನಿಮ್ಮ ತಟ್ಟೆಗೆ ಎರಡು ಮುದ್ದೆ ಬಿತ್ತು, ಸಾರು ಬಿತ್ತು. ಈರಮ್ಮ ಒಲೆಯ ಪಕ್ಕ ನಿಂತು ಹಸಿರು ಬಟ್ಟೆಯ ಗಂಟು ಬಿಚ್ಚಿ, ನಾನು ಬೆಳಗ್ಗೆ ನಾಲ್ಕೂವರೆಗೆ ಎದ್ದು ಬೇಯಿಸಿದ ಹುರುಳಿ ಉಸಲಿಯನ್ನು ತಿನ್ನತೊಡಗಿದರು. ನೀವು ಏನೋ ಹೇಳಿದಿರಿ, ಅವರು ನಕ್ಕರು, ನೀವೂ ನಕ್ಕಿರಿ. ಊಟದ ಮುಂದೆ ಕೂತು ನೀವು ನಕ್ಕಿದ್ದನ್ನು ನಾನು ಕಂಡದ್ದು ನಮ್ಮ ಮದುವೆಯ ದಿನ ಮಾತ್ರ. ಎದ್ದು ಬರಬೇಕೆನ್ನಿಸಿತು. ಆದರೆ ನೀವು ಆ ಮುದ್ದೆ ಮುರಿಯುವ ಸುಖ ನೋಡುತ್ತಾ ಕೂತೇ ಇದ್ದೆ. ಕೈ ತೊಳೆದು ನನ್ನ ಪಕ್ಕದಿಂದಲೇ ಹೋದಿರಿ.

ಗಿರಾಕಿಗಳು ಕಡಿಮೆಯಾದ ಮೇಲೆ, ಆ ಡಬ್ಬಿ ಯಾರದು ಎಂದು ಏನೂ ಅರಿಯದವಳ ಹಾಗೆ ಕೇಳಿದೆ.

‘ಸರ್ವೆ ಸಾಹೇಬ್ರುದು ಕಣವ್ವಾ. ಕಾಳು ತಿಂದ್ರೆ ಅವ್ರಿಗೆ ಹೊಟ್ಟುಬ್ಬರ ಅಂತೆ. ಹೆಂಡ್ರು ಪ್ರೀತಿಯಿಂದ ಕಳುಸ್ತಾರೆ, ಬಿಸಾಕಕ್ಕೆ ಮನ್ಸ್ ಬರಲ್ಲ, ನೀನೇ ತಿನ್ನವ್ವ ಅಂದ್ರು. ಪಾಪ, ಆಯಮ್ಮುಂಗೆ ಮುದ್ದೆ ತಿರುವಕ್ಕೆ ಬರಾಕಿಲ್ವಂತೆ.’

ಮುದ್ದೆಯ ಸುಳ್ಳನ್ನು ಕ್ಷಮಿಸಬಹುದು. ಪ್ರೀತಿಯಿಂದ ಎಂಬ ಮಾತು ನಿಮ್ಮ ಬಾಯಿಂದ ಬಂದಿದೆ, ಅದೂ ನನ್ನ ಮುಂದಲ್ಲ, ಅವರ ಮುಂದೆ. ಇದಕ್ಕೆ ಏನು ಮಾಡಲಿ?

ಅವರು ಮಾತು ನಿಲ್ಲಿಸಲಿಲ್ಲ. ‘ನಂಗೂ ಸಕ್ರೆ ಕಾಯ್ಲೆ. ನಾಕ್ ಗಂಟೆಗೆ ಒಲೆ ಹಚ್ಚುದ್ರೆ ಮೂರ್ ಗಂಟೆಗಂಟ ನಿಂತೇ ಇರ್ಬೇಕು. ಅರವತ್ ಜನುಕ್ಕೆ ಬೇಯ್ಸೋಳು ನಂಗಂತ ಬ್ಯಾರೆ ಬೇಯ್ಸಕಾದದಾ? ಈ ಡಬ್ಬಿ ಬರಕ್ಕೆ ಶುರುವಾದ್ಮೇಲೆ ಸಕ್ರೆ ಅರ್ಧುಕ್ ಇಳ್ದದೆ. ಹೋದ್ ತಿಂಗ್ಳು ಒಂದಿನ ಉಪ್ಪೇ ಇರ್ನಿಲ್ಲ ನೋಡಿ. ತಾಯಿ ಏನೋ ನೋವಲ್ಲವ್ಳೆ ಅಂದ್ಕಂಡೆ. ತೊಳ್ದ್ ಪಾತ್ರೆನ ಬರಿದಾಗಿ ಕಳುಸ್ಬಾರ್ದಲ್ವಾ, ಆವತ್ತಿಂದ ಒಂದ್ ಹೂವೋ ಏನೋ ಇಡ್ತೀನಿ.’

ಉಪ್ಪು ಮರೆತ ಆ ದಿನ ಯಾವುದೆಂದು ನಿಮಗೆ ತಿಳಿಯಲಿಕ್ಕಿಲ್ಲ. ಒಬ್ಬಟ್ಟಿನ ಮಾತು ಕೇಳಿ ಬಂದ ಮಾರನೆಯ ಬೆಳಗ್ಗೆ. ಆ ನೋವು ಗುಂಡ್ಲುಪೇಟೆಯಲ್ಲಿ, ಒಲೆಯ ಪಕ್ಕ ನಿಂತು ತಿನ್ನುವ ಒಬ್ಬ ಹೆಂಗಸಿಗೆ ತಿಳಿಯಿತು.

ನಾನು ಯಾರೆಂದು ಹೇಳುವ ಮನಸ್ಸಿರಲಿಲ್ಲ. ಏಳುವಾಗ ಅವರೇ ನನ್ನ ಕೈಚೀಲ ಹಿಡಿದುಕೊಂಡರು. ‘ಈ ಚೀಲುದ್ ಬಟ್ಟೇನೂ ಡಬ್ಬಿ ಬಟ್ಟೇನೂ ಒಂದೇ ಸೀರೇದು ಕಣವ್ವಾ’ ಎಂದರು. ಆಮೇಲೆ ನಾನು ಎಲ್ಲವನ್ನೂ ಹೇಳಬೇಕಾಯಿತು. ನಿಮ್ಮ ಕಾಯಿಲೆ, ನಿಮ್ಮ ಬೆರಳು, ನಿಮ್ಮ ತಂದೆಯ ಕಾಲು. ಅವರು ಹಣೆ ಚಚ್ಚಿಕೊಂಡರು. ‘ಅಯ್ಯೋ, ನನ್ ಕೈಯಾರ ಇಕ್ಬುಟ್ನಲ್ಲಾ! ಮುದ್ದೆ ಅಂತ ಬರ್ಲಿ, ಸೌಟಲ್ಲೇ ಕೊಡ್ತೀನಿ. ಇನ್ ನಂಗೆ ಡಬ್ಬಿ ಬ್ಯಾಡ ಕಣವ್ವಾ, ಅದ್ರಲ್ಲಿರಾದು ಅವ್ರ ಕಾಲು’ ಎಂದರು.

ನಿನ್ನೆ ಡಬ್ಬಿ ಕಳಿಸದೆ ದಿನವೆಲ್ಲ ಯೋಚಿಸಿದೆ. ಇವತ್ತಿನಿಂದ ಎರಡು ಡಬ್ಬಿ ಬರುತ್ತವೆ. ಈ ಬಿಳಿ ಬಟ್ಟೆಯದು ನಿಮ್ಮದು. ದೊರೆಸ್ವಾಮಿ ನಿಮ್ಮ ಕೈಗೇ ಕೊಡುತ್ತಾನೆ. ಹಸಿರು ಬಟ್ಟೆಯದು ಈರಮ್ಮನವರದು. ಇದನ್ನು ದೊಡ್ಡ ಮನಸ್ಸೆಂದು ತಿಳಿಯಬೇಡಿ. ನಿಮ್ಮಿಬ್ಬರ ನಗು ನೆನೆದರೆ ಈಗಲೂ ಎದೆ ಉರಿಯುತ್ತದೆ. ಆದರೆ ನನ್ನ ಅಡುಗೆಯಲ್ಲಿ ನನ್ನನ್ನು ಕಂಡುಕೊಂಡ ಒಬ್ಬರನ್ನು ನಿಮ್ಮ ಸುಳ್ಳಿನ ದೆಸೆಯಿಂದ ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ.

ಬೇಕಾದರೆ ಮೆಸ್ಸಿನಲ್ಲೇ ಕೂತು ತಿನ್ನಿ. ನಗಬೇಕೆನಿಸಿದರೆ ನಗಿ. ಆದರೆ ನನ್ನ ಡಬ್ಬಿಯಲ್ಲಿರುವುದನ್ನು ತಿಂದು ನಗಿ. ಶನಿವಾರ ಕೆಲಸ ಮುಗಿಸಿ ಬನ್ನಿ, ಡಾಕ್ಟರ ಹತ್ತಿರ ಹೋಗೋಣ. ಒಬ್ಬಟ್ಟಿನ ಪ್ರಶ್ನೆಗೆ ಈ ಸಲ ಉತ್ತರ ಕೊಡುವವರು ನೀವು. ನನ್ನ ಎದುರಿಗೇ.

ಮನೆಯಲ್ಲಿ ಕುಂಟದ ಹಾಗೆ ನಡೆಯುವುದನ್ನು ಬಿಡಿ.

ಇಂತು,
ಮುದ್ದೆ ತಿರುವಲು ಬಲ್ಲ
ನಾಗಮಣಿ

ಮರೆತ ಮಾತು: ಮೊದಲ ದಿನದ ಕನಕಾಂಬರವನ್ನು ನೋಡಿದ ಕೂಡಲೇ ಎಸೆದೆ ಎಂದು ಮೇಲೆ ಬರೆದಿದ್ದೇನೆ. ಅದು ನಿಜವಲ್ಲ. ಒಬ್ಬಟ್ಟಿನ ಮಾತಿಗೆ ನೀವು ನೊಂದು ಕಳಿಸಿದ್ದೆಂದುಕೊಂಡು ಮುಡಿದಿದ್ದೆ. ಮಾರನೆಯ ದಿನ ದೊರೆಸ್ವಾಮಿಯನ್ನು ಕೇಳುವಾಗಲೂ ಅದು ನನ್ನ ತಲೆಯಲ್ಲೇ ಇತ್ತು.