ಒಡೆದ ಹವಳದ ಮೊಟ್ಟೆಗಳು

ಅಕ್ಕಾ,

ನೀರಿಗಿಳಿದು ಬಂದಿದ್ದ ಕಿವಿನೋವು ವಾಸಿಯಾಗಿದೆ. ನಾವು ನೋಡಿಕೊಳ್ಳುತ್ತಿದ್ದ ಹವಳಗಳಲ್ಲೇ ದೊಡ್ಡದು, ಊಟದ ಮೇಜಿನಷ್ಟು ಅಗಲದ್ದು, ಲಂಗರು ಬಿದ್ದು ಒಡೆದುಹೋಯಿತು. ಆಗ ಅದರ ಮೈತುಂಬ ಗುಲಾಬಿ ಮೊಟ್ಟೆಗಳಿದ್ದವು. ಚೂರುಗಳು ಸತ್ತಿಲ್ಲ, ಜೀವ ಉಳಿಸಿಕೊಳ್ಳಲು ಆ ಮೊಟ್ಟೆಗಳನ್ನೇ ಅರಗಿಸಿಕೊಂಡಿವೆ.

"ವಯಸ್ಸೆಷ್ಟಾದ್ರೇನು, ಮೈ ದೊಡ್ಡದಿದ್ರೆ ಮಾತ್ರ ಹವಳ ಮೊಟ್ಟೆ ಕಟ್ಟೋದು," ಎಂದರು ನಮ್ಮ ಹವಳ ತಂಡದ ಮುಖ್ಯಸ್ಥೆ ಮೇಡಂ.

ಚೂರುಗಳನ್ನು ಒಂದಕ್ಕೊಂದು ತಾಗಿಸಿ ಬಂಡೆಗೆ ಅಂಟಿಸಿದೆವು. ಅವು ಬೆಸೆದು ಮತ್ತೆ ಒಂದೇ ಮೈಯಾಗಲು ವರ್ಷಗಳೇ ಬೇಕು. ಮೇಡಂಗೆ ಬರುವ ತಿಂಗಳು ನಿವೃತ್ತಿ. "ಇದು ಮತ್ತೆ ಮೊಟ್ಟೆ ಕಟ್ಟೋದನ್ನ ನಾನಂತೂ ನೋಡಲ್ಲ ಕಣೇ," ಎಂದು ಮುಖ ತಿರುಗಿಸಿಕೊಂಡರು. ನಾನು ಇಲ್ಲೇ ಉಳಿಯುತ್ತೇನೆ ಎಂದುಬಿಟ್ಟೆ.

ದೋಣಿಯವರು ಕೂಗುತ್ತಿದ್ದಾರೆ. ನಾನು ಸದ್ಯಕ್ಕೆ ಊರಿಗೆ ಮರಳುವುದಿಲ್ಲವೆಂದು ಅಮ್ಮನಿಗೆ ನೀನೇ ಮೆಲ್ಲಗೆ ಹೇಳು.

ನಿನ್ನ ತಂಗಿ